ಮಲ್ಪೆಯ ಆರಿದ ಬೆಂಕಿ, ಉಡುಪಿಯ ಎಲೆಯೂಟ

ಈಸ್ಟರ್ ಕಳೆಯುತ್ತಿದ್ದಂತೆ ನಮ್ಮ ಕೂಟದ ಮನೆಗಳಲ್ಲಿ ಬೇಸಿಗೆ ರಜೆಯ ಮಾತು ಶುರುವಾಗುತ್ತದೆ. ಕಾರ್ಲ್‌ಸ್ಕ್ರೂನಾದ ಕತ್ತಲೆಯನ್ನೂ ಕಡಲ ಗಾಳಿಯನ್ನೂ ಆರು ತಿಂಗಳು ಸಹಿಸಿದವರಿಗೆ ಬಿಸಿಲಿನ ಆಸೆ ಹುಟ್ಟುವುದು ಸಹಜವೇ. ಕೆಲವರು ಊರಿಗೆ ಹೋಗುತ್ತಾರೆ. ಊರಿನಲ್ಲಿ ಆಗ ಮಳೆಗಾಲವೆಂದು ಇನ್ನು ಕೆಲವರು ಮೆಡಿಟರೇನಿಯನ್ ಕಡೆಗೆ ಹೊರಡುತ್ತಾರೆ. ಎರಡು ಬೇಸಿಗೆಯ ಹಿಂದೆ ನಾವೂ ಸಿಸಿಲಿ ದ್ವೀಪಕ್ಕೆ ಹೋಗಿಬಂದೆವು. ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಉಡುಪಿಯಲ್ಲಿ ಒಂದು ದಿನ ಸುತ್ತಾಡಿದೆವು. ಈ ಎರಡು ದಿನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ತೋಚಿದ ನಾಲ್ಕು ಮಾತುಗಳನ್ನು ಸದಸ್ಯ ಬಂಧುಗಳ ಮುಂದಿಡುತ್ತಿದ್ದೇನೆ. ನಾನು ವೃತ್ತಿಯಿಂದ ವೈದ್ಯ. ಇತಿಹಾಸ ನನ್ನ ಹವ್ಯಾಸ ಮಾತ್ರ.

ಸಿಸಿಲಿಗೆ ಹೋದವರು ಸಾಮಾನ್ಯವಾಗಿ ಒಂದೇ ದಿನದಲ್ಲಿ ಮೂರು ಸಂಗತಿಗಳನ್ನು ನೋಡಿಬರುತ್ತಾರೆ. ಮೊದಲನೆಯದು ತಾವೊರ್ಮಿನಾ ಎಂಬ ಗುಡ್ಡದ ಊರು. ಅದು ಸಮುದ್ರದಿಂದ ಸುಮಾರು 200 ಮೀಟರ್ ಎತ್ತರದಲ್ಲಿದೆ. ಗ್ರೀಕರು ಕಟ್ಟಿ, ರೋಮನ್ನರು ಮತ್ತೆ ಕಟ್ಟಿದ ಬಯಲು ರಂಗಮಂದಿರ ಅಲ್ಲಿದೆ. ಎರಡನೆಯದು ಎಟ್ನಾ ಅಗ್ನಿಪರ್ವತ. 3,300 ಮೀಟರಿಗೂ ಮಿಕ್ಕಿದ ಈ ಪರ್ವತ ಇಂದಿಗೂ ಹೊಗೆಯಾಡುತ್ತದೆ. 1669ರಲ್ಲಿ ಇದರ ಲಾವಾ ಕತಾನಿಯಾ ನಗರದವರೆಗೂ ಹರಿದು ಬಂದಿತ್ತು. ಮೂರನೆಯದು ಊಟ. ಬದನೆಕಾಯಿ, ಟೊಮ್ಯಾಟೊ, ಹುಳಿ, ಸಕ್ಕರೆ ಹಾಕಿ ಮಾಡುವ ಕಪೊನಾತಾ ಎಂಬ ವ್ಯಂಜನವನ್ನು ತಿಂದಾಗ ನನ್ನ ಪತ್ನಿ ಇದು ನಮ್ಮ ಗೊಜ್ಜಿನ ದೂರದ ನೆಂಟನೇ ಸರಿ ಎಂದಳು.

ಆ ಮಾತು ತಮಾಷೆಯದಾದರೂ ಅದರಲ್ಲಿ ಸತ್ಯವಿದೆ. ಬದನೆ ಮೂಲತಃ ಯುರೋಪಿನ ಗಿಡವಲ್ಲ, ನಮ್ಮ ಕಡೆಯದು. ಸಂಸ್ಕೃತದ ವಾತಿಂಗಣ ಪರ್ಷಿಯನ್ನರ ಬಾಯಲ್ಲಿ ಬಾದಿಂಗಾನ್ ಆಯಿತು, ಅರಬರಲ್ಲಿ ಬಾದಿಂಜಾನ್ ಆಯಿತು, ಇಟಲಿಯಲ್ಲಿ ಮೆಲನ್‌ಜಾನಾ ಆಯಿತು. ಕ್ರಿ.ಶ. 827ರಲ್ಲಿ ಸಿಸಿಲಿಗೆ ಬಂದಿಳಿದ ಅರಬರು ನಿಂಬೆ, ಕಿತ್ತಳೆ, ಕಬ್ಬುಗಳನ್ನು ತಂದು ಬೆಳೆಸಿದರು. ಬದನೆ ಆ ದ್ವೀಪಕ್ಕೆ ಬಂದದ್ದೂ ಅವರ ಮೂಲಕವೇ. ಟೊಮ್ಯಾಟೊ ಅಮೆರಿಕದಿಂದ ಸ್ಪೇನಿನವರ ಹಡಗಿನಲ್ಲಿ ಬಂತು. ಸಿಸಿಲಿಯವರು ತಮ್ಮದೆಂದು ಹೆಮ್ಮೆಯಿಂದ ಬಡಿಸುವ ತಟ್ಟೆಯಲ್ಲಿ ಅರ್ಧ ಭಾರತದ್ದು, ಅರ್ಧ ಅಮೆರಿಕದ್ದು!

ಗುಡ್ಡದ ಊರು, ಅಗ್ನಿಪರ್ವತ, ಊರಿನ ಊಟ ಈ ಮೂರನ್ನೂ ನೋಡಲು ಕನ್ನಡಿಗರು ಇಷ್ಟು ದೂರ ಹೋಗಬೇಕಾಗಿಲ್ಲ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ನಮ್ಮ ಉಡುಪಿಯ ಸುತ್ತ ಇಪ್ಪತ್ತು ಕಿಲೋಮೀಟರಿನೊಳಗೆ ಮೂರೂ ಇವೆ. ಮಣಿಪಾಲದ ಗುಡ್ಡ, ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪ, ಉಡುಪಿಯ ಬಾಳೆಎಲೆ. ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಎಲ್ಲವನ್ನೂ ನೋಡಬಹುದು.

ಗುಡ್ಡದ ಊರು

ಮಣಿಪಾಲ ತಾವೊರ್ಮಿನಾದಂತೆ ಎರಡು ಸಾವಿರ ವರ್ಷದ ಊರಲ್ಲ. ಎಂಬತ್ತು ವರ್ಷಗಳ ಹಿಂದೆ ಅದು ಬೋಳುಗುಡ್ಡ. ಹೆಸರು ಕೂಡ ತುಳುವಿನ ಮಣ್ಣು ಮತ್ತು ಪಳ್ಳ, ಅಂದರೆ ಕೆರೆ, ಎಂಬ ಮಾತುಗಳಿಂದ ಬಂದದ್ದು. ಮಣ್ಣಪಳ್ಳ ಎಂಬ ಕೆರೆ ಇಂದಿಗೂ ಅಲ್ಲಿದೆ. ಕಲ್ಯಾಣಪುರದಲ್ಲಿ 1898ರಲ್ಲಿ ಹುಟ್ಟಿದ ಡಾ. ಟಿ.ಎಂ.ಎ. ಪೈಯವರು ಈ ಗುಡ್ಡವನ್ನು ಆರಿಸಿಕೊಂಡು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ತೆರೆದರು. ದೇಶದಲ್ಲಿ ಖಾಸಗಿಯವರು ಆರಂಭಿಸಿದ ಮೊದಲ ವೈದ್ಯಕೀಯ ಕಾಲೇಜುಗಳಲ್ಲಿ ಅದೊಂದು. ಅದಕ್ಕೂ ಮೊದಲು 1925ರಲ್ಲಿ ಅವರು ಇತರರೊಡನೆ ಉಡುಪಿಯಲ್ಲಿ ಒಂದು ಬ್ಯಾಂಕನ್ನು ಸ್ಥಾಪಿಸಿದ್ದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆ ಬ್ಯಾಂಕಿನ ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಳ್ಳುತ್ತಿದ್ದ ಪಿಗ್ಮಿ ಠೇವಣಿಯನ್ನು ನಮ್ಮ ತಂದೆ ತಾಯಿಯರ ತಲೆಮಾರಿನವರು ಮರೆತಿರಲಾರರು.

ನಾನು ಎಂ.ಬಿ.ಬಿ.ಎಸ್. ಓದಿದ್ದು ಈ ಗುಡ್ಡದ ಮೇಲೆ. ಪಶ್ಚಿಮದ ಅಂಚಿನಲ್ಲಿ ನಿಂತರೆ ಕೆಳಗೆ ತೆಂಗಿನ ತೋಟಗಳು, ಅದರಾಚೆ ಸಮುದ್ರದ ಗೆರೆ. ಇನ್ನೊಂದು ಬದಿಯ ಎಂಡ್ ಪಾಯಿಂಟಿನಿಂದ ಸುವರ್ಣಾ ನದಿ ಕಾಣುತ್ತದೆ. ಕಾಲ ಕೆಳಗಿನದು ಮುರಕಲ್ಲು. ಈ ಕಲ್ಲಿಗೆ ವಿಜ್ಞಾನದಲ್ಲಿ ಲ್ಯಾಟರೈಟ್ ಎಂದು ಹೆಸರು ಕೊಟ್ಟವರು ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸ ಗ್ರಂಥದಲ್ಲಿ. ಟಿಪ್ಪು ಸುಲ್ತಾನರು ಮಡಿದ ಮರುವರ್ಷ, 1800ರಲ್ಲಿ, ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಲು ಹೊರಟ ಅವರು ಕೂಡ ವೃತ್ತಿಯಿಂದ ವೈದ್ಯರೇ. ನೆಲದಿಂದ ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲನ್ನು ಕೊಡಲಿಯಿಂದ ಇಟ್ಟಿಗೆಯಂತೆ ಕಡಿಯಬಹುದೆಂದು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದವನ್ನೇ ಹೆಸರಾಗಿಟ್ಟರು. ಕೋಟ್ಯಂತರ ಮಳೆಗಾಲಗಳು ಅಡಿಬಂಡೆಯನ್ನು ತೊಳೆದು, ಕಬ್ಬಿಣ ಮತ್ತು ಅಲ್ಯೂಮಿನಿಯಮ್ ಅಂಶವನ್ನು ಉಳಿಸಿ ಹೋದಾಗ ಮುರಕಲ್ಲು ಹುಟ್ಟುತ್ತದೆ. ಎಟ್ನಾದ ಕಪ್ಪು ಕಲ್ಲು ಬೆಂಕಿಯ ಮಗುವಾದರೆ, ಮಣಿಪಾಲದ ಕೆಂಪು ಕಲ್ಲು ಮಳೆಯ ಮಗು.

ಆರಿದ ಬೆಂಕಿ

ಹಾಗಾದರೆ ಅಗ್ನಿಪರ್ವತ ಎಲ್ಲಿ? ಮಲ್ಪೆ ಬಂದರಿನಿಂದ ದೋಣಿಯಲ್ಲಿ ಅರ್ಧ ಗಂಟೆಯ ದಾರಿ, ಸುಮಾರು ಆರು ಕಿಲೋಮೀಟರ್. ಅಲ್ಲೊಂದು ಪುಟ್ಟ ದ್ವೀಪಗಳ ಸಾಲಿದೆ. ಜನ ಇಳಿಯುವುದು ತೆಂಗಿನ ಮರಗಳಿರುವ ಒಂದು ದ್ವೀಪದಲ್ಲಿ. ಅಲ್ಲಿ ಕುಳಿಯೂ ಇಲ್ಲ, ಹೊಗೆಯೂ ಇಲ್ಲ. ಆದರೆ ದಡದಲ್ಲಿ ಕಾಲಿಟ್ಟೊಡನೆ, ಯಾರೋ ಶಿಲ್ಪಿ ಕಡೆದು ಜೋಡಿಸಿದಂತೆ ಐದು, ಆರು, ಏಳು ಮೂಲೆಗಳ ಕಲ್ಲಿನ ಕಂಬಗಳು ಸಾಲುಸಾಲಾಗಿ ನಿಂತಿರುವುದು ಕಾಣುತ್ತದೆ.

ಬೇಸಿಗೆಯಲ್ಲಿ ಕೆರೆಯ ತಳದ ಕೆಸರು ಒಣಗಿ ಬಹುಕೋನಗಳಾಗಿ ಬಿರಿಯುವುದನ್ನು ಎಲ್ಲರೂ ನೋಡಿದ್ದೇವೆ. ಲಾವಾ ಆರುವಾಗಲೂ ಹಾಗೆಯೇ. ಕುದಿಯುವ ಕಲ್ಲು ನಿಧಾನವಾಗಿ ತಣಿಯುತ್ತ ಕುಗ್ಗುತ್ತದೆ, ಮೇಲ್ಮೈ ಬಿರುಕು ಬಿಡುತ್ತದೆ, ಬಿರುಕು ಒಳಗೊಳಗೆ ಇಳಿದು ಕಂಬಗಳಾಗುತ್ತವೆ. ಐರ್ಲೆಂಡಿನ ಜಯಂಟ್ಸ್ ಕಾಸ್‌ವೇ ಇದೇ ಜಾತಿಯದು. ಸಿಸಿಲಿಯ ಕತಾನಿಯಾ ಬಳಿ ಅಚಿತ್ರೆಜ್ಜಾ ಎದುರಿನ ಬಂಡೆಗಳಲ್ಲಿಯೂ ಇಂಥ ಕಂಬಗಳಿವೆ. ನಮ್ಮ ನೆರೆಯ ಸ್ಕೋನೆ ಪ್ರಾಂತದ ನಡುಭಾಗದಲ್ಲಿಯೂ ಆರಿಹೋದ ಅಗ್ನಿಪರ್ವತಗಳ ಬುಡಗಳು ಎಷ್ಟೋ ಇವೆ. ಮಲ್ಪೆಯ ಕಲ್ಲನ್ನು ಕೆಲವೆಡೆ ಬಸಾಲ್ಟ್ ಎಂದು ಬರೆದಿರುತ್ತಾರೆ. ವಾಸ್ತವವಾಗಿ ಅದು ಸಿಲಿಕಾ ಹೆಚ್ಚಾಗಿರುವ ರಯೋಲೈಟ್ ಜಾತಿಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಈ ತಾಣವನ್ನು ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದೆ.

ಈ ಕಲ್ಲಿನ ವಯಸ್ಸು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ. ಉತ್ತರ ಕರ್ನಾಟಕದ ಕಪ್ಪು ಮಣ್ಣಿಗೆ ಕಾರಣವಾದ ದಖ್ಖನ್ ಲಾವಾ ಸುಮಾರು ಆರೂವರೆ ಕೋಟಿ ವರ್ಷದ ಹಿಂದಿನದು. ಮಲ್ಪೆಯ ಕಂಬಗಳೂ ಅದರ ಭಾಗವೆಂದೇ ಬಹುಕಾಲ ನಂಬಲಾಗಿತ್ತು. ವಯಸ್ಸನ್ನು ಅಳೆದು ನೋಡಿದಾಗ ಬೇರೆಯೇ ಕತೆ ತೆರೆಯಿತು. ಆ ಕಾಲದಲ್ಲಿ ನಮ್ಮ ಕರಾವಳಿ ಕರಾವಳಿಯೇ ಆಗಿರಲಿಲ್ಲ. ಅದಕ್ಕೆ ಮಡಗಾಸ್ಕರ್ ಅಂಟಿಕೊಂಡಿತ್ತು. ಎರಡೂ ನೆಲ ಹರಿದು ಬೇರೆಯಾಗುವಾಗ ಬಿರುಕಿನಿಂದ ಉಕ್ಕಿದ ಲಾವಾವೇ ಈ ಕಂಬಗಳು. ಅದೇ ಕಾಲದ ಲಾವಾ ಮಡಗಾಸ್ಕರಿನಲ್ಲಿಯೂ ಇದೆ, ಈಗ ಸುಮಾರು 4,000 ಕಿಲೋಮೀಟರ್ ದೂರದಲ್ಲಿ. ನಾವು ತಾಯ್ನೆಲ ಎನ್ನುವ ಆ ದಡವೇ ಒಮ್ಮೆ ಇನ್ನೊಂದು ನೆಲದಿಂದ ಹರಿದು ಬಂದದ್ದು.

ಸಾಂತಾ ಮರಿಯಾ ಕಂಬ

ದ್ವೀಪಕ್ಕೆ ಕ್ರೈಸ್ತ ಹೆಸರು ಬಂದದ್ದು ವಾಸ್ಕೋ ಡ ಗಾಮನಿಂದ. ಅವನು ಕಲ್ಲಿಕೋಟೆಗೆ ಹೋಗುವ ಮೊದಲು ಇಲ್ಲಿ ಇಳಿದನೆಂದು ದೋಣಿಯವರು ಹೇಳುತ್ತಾರೆ. ಅವನ ಹಡಗಿನಲ್ಲಿದ್ದ ಒಬ್ಬನು ಬರೆದಿಟ್ಟ ದಿನಚರಿ ಉಳಿದುಬಂದಿದೆ, ಅದು ಬೇರೆ ಮಾತು ಹೇಳುತ್ತದೆ. ಗಾಮನು 1498ರ ಮೇ ತಿಂಗಳಲ್ಲಿ ನೇರವಾಗಿ ಕಲ್ಲಿಕೋಟೆಯ ಬಳಿ ಸೇರಿದನು. ಅಲ್ಲಿ ಸಾಮೂದಿರಿಯೊಡನೆ ಮನಸ್ತಾಪವಾಗಿ ಆಗಸ್ಟ್ ಕೊನೆಯಲ್ಲಿ ಹಿಂದಿರುಗುವಾಗ, ಉತ್ತರಕ್ಕೆ ದಡದುದ್ದಕ್ಕೂ ಸಾಗಿ, ಸೆಪ್ಟೆಂಬರ್ 15ರ ಶನಿವಾರ ನೆಲದಿಂದ ಸ್ವಲ್ಪ ದೂರದ ಪುಟ್ಟ ದ್ವೀಪಗಳ ಬಳಿ ನಿಂತನು. ಪೋರ್ಚುಗಲ್ಲಿನ ಅರಸ ಮೂರು ಕಲ್ಲುಕಂಬಗಳನ್ನು ನೆಟ್ಟು ಬರಲು ಕೊಟ್ಟು ಕಳುಹಿಸಿದ್ದ. ಒಂದು ಆಫ್ರಿಕದಲ್ಲಿ, ಒಂದು ಕಲ್ಲಿಕೋಟೆಯಲ್ಲಿ ಆಗಿತ್ತು. ಉಳಿದಿದ್ದ ಸಾಂತಾ ಮರಿಯಾ ಕಂಬವನ್ನು ಇಲ್ಲಿ ನೆಡಿಸಿದನು. ಮೀನು ತಂದ ಬೆಸ್ತರಿಗೆ ಅಂಗಿಗಳನ್ನು ಕೊಟ್ಟನೆಂದೂ ಆ ದಿನಚರಿಯಲ್ಲಿದೆ.

ಕಂಬ ಈಗಿಲ್ಲ, ಹೆಸರು ಉಳಿದಿದೆ. ಬಿದನೂರಿನ ಅರಸು ಬಸವಪ್ಪ ನಾಯಕ ಮುಂದೆ ಮಲ್ಪೆಯ ಎದುರಿನ ಇನ್ನೊಂದು ದ್ವೀಪದಲ್ಲಿ ದರಿಯಾ ಬಹದ್ದೂರ್‌ಗಡವೆಂಬ ಕೋಟೆಯನ್ನು ಕಟ್ಟಿಸಿದ. ನಮ್ಮ ಕಾರ್ಲ್‌ಸ್ಕ್ರೂನಾದ ಕಡಲ ಬಾಗಿಲನ್ನು ಕಾಯುವ ಕುಂಗ್ಸ್‌ಹೋಲ್ಮೆನ್ ಮತ್ತು ದ್ರೊಟ್ನಿಂಗ್‌ಶೇರ್ ಕೋಟೆಗಳನ್ನು ನೋಡಿದವರಿಗೆ ಇದರ ಉದ್ದೇಶವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಲ್ಪೆಗೆ ಹಡಗಿನಲ್ಲಿ ಬಂದವರಲ್ಲಿ ಗಾಮನೇ ಮೊದಲಿಗನಲ್ಲ. ಉಡುಪಿಯ ಕೃಷ್ಣನೂ ಹಡಗಿನಲ್ಲಿ ಬಂದವನೇ! ದ್ವಾರಕೆಯಿಂದ ಬರುತ್ತಿದ್ದ ಹಡಗೊಂದು ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಿತು. ದಡದಲ್ಲಿದ್ದ ಮಧ್ವಾಚಾರ್ಯರು ಅದನ್ನು ಕಾಪಾಡಿ, ಪ್ರತಿಯಾಗಿ ಹಡಗಿನ ಭಾರಕ್ಕೆಂದು ಹಾಕಿದ್ದ ಗೋಪೀಚಂದನದ ಗಡ್ಡೆಯನ್ನು ಕೇಳಿ ಪಡೆದರು. ಅದರೊಳಗೆ ವಿಗ್ರಹವಿತ್ತು. ಹದಿಮೂರನೆಯ ಶತಮಾನದ ಈ ಪ್ರತೀತಿಯನ್ನು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಏಳು ಶತಮಾನಗಳಾದ ಮೇಲೆ ಯಾರಾದರೂ ಅವನನ್ನು ದ್ವಾರಕೆಯ ವಲಸಿಗ ಎನ್ನುತ್ತಾರೆಯೇ? ಅವನು ಉಡುಪಿ ಕೃಷ್ಣ, ಅಷ್ಟೇ.

ಎಲೆಯ ಮೇಲಿನ ಇತಿಹಾಸ

ದ್ವೀಪದಿಂದ ಮರಳಿ ಊಟದ ಹೊತ್ತಿಗೆ ಉಡುಪಿಗೆ ಬರುವುದು ಒಳ್ಳೆಯದು. ಮಠದ ಪಂಕ್ತಿಯಲ್ಲಿ ಕುಳಿತು ಅನ್ನ, ಸಾರು, ಹುಳಿ, ಪಾಯಸ ಉಂಡವರಿಗೆ ಅದರ ರುಚಿ ಗೊತ್ತು. ಈರುಳ್ಳಿ ಬೆಳ್ಳುಳ್ಳಿ ಸೋಂಕದ ಅಡುಗೆ ಅದು. ಕಟಪಾಡಿ ಬಳಿಯ ಮಟ್ಟು ಗ್ರಾಮದ ಗುಳ್ಳ ಎಂಬ ಹಸಿರು ದುಂಡು ಬದನೆಯನ್ನು ವಾದಿರಾಜ ಸ್ವಾಮಿಗಳ ಪ್ರಸಾದವೆಂದು ನಂಬುತ್ತಾರೆ. ಅದಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಸಿಸಿಲಿಯ ಕಪೊನಾತಾದ ಬದನೆಗೆ ಈ ಗುಳ್ಳ ಊರಿನಲ್ಲೇ ಉಳಿದ ದಾಯಾದಿ. ಬದನೆಗೆ ನಾವು ಬಳಸುವ ಬ್ರಿಂಜಾಲ್ ಎಂಬ ಇಂಗ್ಲಿಷ್ ಮಾತು ಮಾತ್ರ ಲೋಕ ಸುತ್ತಿ ಪೋರ್ಚುಗೀಸರ ಮೂಲಕ ಮರಳಿ ಬಂದದ್ದು.

ನನ್ನ ಮಗಳ ಶಾಲೆಯಲ್ಲಿ ಒಮ್ಮೆ ಮಕ್ಕಳು ತಮ್ಮ ತಮ್ಮ ಮನೆಯ ಊಟವನ್ನು ತರಬೇಕೆಂದಿದ್ದರು. ಮಸಾಲೆ ದೋಸೆ ಎಂದು ನಿರ್ಧಾರವಾಯಿತು. ಪಾಠದಲ್ಲಿ ಆಗಷ್ಟೇ ಓದಿದ್ದ ಅವಳು, "ಆಲೂಗಡ್ಡೆ ಪೆರುವಿನದು, ಮೆಣಸಿನಕಾಯಿಯೂ ಅಮೆರಿಕದ್ದು. ಹಾಗಾದರೆ ಇದು ನಮ್ಮದು ಹೇಗಾಯಿತು?" ಎಂದು ಕೇಳಿದಳು. ಪ್ರಶ್ನೆ ದೋಸೆಯ ಬಗ್ಗೆ ಮಾತ್ರವಲ್ಲವೆಂದು ಇಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಎಲ್ಲರಿಗೂ ಅರ್ಥವಾಗುತ್ತದೆ. ಇಲ್ಲಿ ಹುಟ್ಟಿ ಅಲ್ಲಿಯ ಹೆಸರಿಟ್ಟುಕೊಂಡ ಮಗು ತನ್ನ ಬಗ್ಗೆಯೂ ಅದನ್ನೇ ಕೇಳುತ್ತಿರುತ್ತದೆ. ಉತ್ತರವನ್ನು ಉಡುಪಿಯ ಎಲೆಯ ಮೇಲೆಯೇ ಹುಡುಕಬಹುದೆಂದು ನನಗೆ ಈಗ ಅನಿಸುತ್ತದೆ.

ಮೊದಲು ಮಾತನ್ನೇ ಗಮನಿಸಿ. ಮೆಣಸು ಎಂದರೆ ನಮ್ಮ ಮಲೆನಾಡಿನ ಬಳ್ಳಿಯ ಕಾಳು. ಅದಕ್ಕಾಗಿಯೇ ಗಾಮ ಸಮುದ್ರ ದಾಟಿ ಬಂದದ್ದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳು ಹೊಸ ಖಾರವೊಂದನ್ನು ತಂದಾಗ ಕನ್ನಡಿಗರು ಅದಕ್ಕೆ ಹೊಸ ಹೆಸರನ್ನು ಹುಡುಕಲಿಲ್ಲ. ಮೆಣಸಿನಂತೆ ಖಾರವಾದ ಕಾಯಿ, ಆದ್ದರಿಂದ ಮೆಣಸಿನಕಾಯಿ ಎಂದರು. ಕರಾವಳಿಯವರು ಹಳೆಯದನ್ನು ಒಳ್ಳೆಮೆಣಸು ಎಂದು ಕರೆದು ಅದರ ಮರ್ಯಾದೆ ಉಳಿಸಿದರು. ಬಟಾಟೆ, ಅನಾನಸು ಎಂಬ ಹೆಸರುಗಳು ಪೋರ್ಚುಗೀಸರೊಡನೆ ಬಂದವು. ಪರಂಗಿ ಹಣ್ಣು ತಾನು ಪರಂಗಿಯವರದೆಂದು ಇಂದಿಗೂ ಸಾರುತ್ತಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ ಸೂಪಶಾಸ್ತ್ರವೆಂಬ ಕನ್ನಡ ಪಾಕಗ್ರಂಥದಲ್ಲಿ ಬದನೆಯ ಅಡುಗೆಗಳಿವೆ, ಮೆಣಸಿನಕಾಯಿ ಇಲ್ಲ. ಮದುವೆಯ ಊಟದಲ್ಲಿ ಅನಾನಸಿನ ಗೊಜ್ಜು ಇಲ್ಲದಿದ್ದರೆ ಬೀಗರು ಮುಖ ಊದಿಸಿಕೊಳ್ಳುವ ಕಾಲ ಆಮೇಲೆ ಬಂದದ್ದು.

ಇದಕ್ಕೆ ಜೀವಂತ ಸಾಕ್ಷಿ ಬೇಕೆಂದರೆ ಶ್ರಾದ್ಧದ ಅಡುಗೆಯನ್ನು ನೋಡಿ. ಅನೇಕ ಮನೆಗಳಲ್ಲಿ ಅಂದು ಮೆಣಸಿನಕಾಯಿ ನಿಷಿದ್ಧ, ಕಾಳುಮೆಣಸು ಮಾತ್ರ. ಬಟಾಟೆಯೂ ಇಲ್ಲ. ನಮ್ಮ ಅಜ್ಜಿಯಂದಿರು ಇದಕ್ಕೆ ಶಾಸ್ತ್ರದ ಕಾರಣ ಕೊಡುತ್ತಿದ್ದರು. ಇತಿಹಾಸದ ಕಾರಣ ಸರಳ. ಮೇಲಿನ ತಲೆಮಾರಿನ ಪಿತೃಗಳಿಗೆ ಮೆಣಸಿನಕಾಯಿಯ ಪರಿಚಯವೇ ಇರಲಿಲ್ಲ! ಮಲ್ಪೆಯ ಕಂಬ ಹಳೆಯ ಬೆಂಕಿಯನ್ನು ಹಿಡಿದಿಟ್ಟಂತೆ, ಶ್ರಾದ್ಧದ ಎಲೆ ಐನೂರು ವರ್ಷದ ಹಿಂದಿನ ಅಡುಗೆಮನೆಯನ್ನು ಹಿಡಿದಿಟ್ಟಿದೆ.

ವೈದ್ಯನಾಗಿ ಒಂದು ಮಾತು ಸೇರಿಸುತ್ತೇನೆ. ಖಾರ ನಾಲಿಗೆಯ ರುಚಿಯಲ್ಲ, ನೋವು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ದ್ರವ್ಯ ಸುಡುಬಿಸಿಯನ್ನು ಗುರುತಿಸುವ ನರಗಳ ಬಾಗಿಲನ್ನು ತೆರೆಯುತ್ತದೆ. ಆದ್ದರಿಂದಲೇ ಬಾಯಿ ಉರಿಯುತ್ತದೆ, ಬೆವರು ಬರುತ್ತದೆ. ಆ ಬಾಗಿಲನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ಕರೋಲಿನ್‌ಸ್ಕಾ ಸಂಸ್ಥೆ ವೈದ್ಯಕೀಯದ ನೊಬೆಲ್ ಪಾರಿತೋಷಕವನ್ನು ಇನ್ನೊಬ್ಬರೊಡನೆ ಹಂಚಿ ನೀಡಿತು. ಯಾವ ಕೂಸೂ ಹುಟ್ಟುವಾಗ ಖಾರವನ್ನು ಇಷ್ಟಪಡುವುದಿಲ್ಲ. ಅಮ್ಮನ ಕೈತುತ್ತಿನಲ್ಲಿ ಸ್ವಲ್ಪಸ್ವಲ್ಪವೇ ಅಭ್ಯಾಸವಾಗಿ ಆ ನೋವು ಮನೆಯ ರುಚಿಯಾಗುತ್ತದೆ.

ನಮ್ಮದು ಆಗುವ ಬಗೆ

ಸ್ವೀಡನ್ನಿನವರ ಕತೆಯೂ ಇದೇ. ಮಿಡ್‌ಸೊಮ್ಮಾರ್ ಹಬ್ಬದ ಹೊಸ ಆಲೂಗಡ್ಡೆಗಿಂತ ಸ್ವೀಡಿಷ್ ಆದದ್ದು ಬೇರೆ ಏನಿದೆ? ಆದರೂ ಯೂನಾಸ್ ಆಲ್‌ಸ್ಟ್ರೋಮರ್ 1724ರಲ್ಲಿ ಆಲಿಂಗ್ಸೋಸ್‌ನಲ್ಲಿ ಅದನ್ನು ಬೆಳೆಯತೊಡಗಿದಾಗ ಜನ ಒಪ್ಪಲು ಹಿಂಜರಿದರು. ಅದರಿಂದ ಹಿಟ್ಟನ್ನೂ ಮದ್ಯವನ್ನೂ ಮಾಡಬಹುದೆಂದು ತೋರಿಸಿದ ಈವಾ ಎಕೆಬ್ಲಾಡ್ 1748ರಲ್ಲಿ ಸ್ವೀಡನ್ನಿನ ರಾಯಲ್ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆ. ಇಂದು ನಮ್ಮ ನೆರೆಮನೆಯ ಅಜ್ಜಿ ಮಾಡುವ ಬ್ಲೇಕಿಂಗೆಯ ಕ್ರೊಪ್‌ಕಾಕೊರ್ ಎಂಬ ಕಡುಬಿನಲ್ಲಿ ಆಲೂಗಡ್ಡೆಯೇ ಮುಖ್ಯ. ಅದನ್ನು ಪೆರುವಿನದೆಂದರೆ ಆಕೆ ನಕ್ಕುಬಿಟ್ಟಾರು.

ಬ್ಲೇಕಿಂಗೆಯೇ 1658ರವರೆಗೆ ಡೆನ್ಮಾರ್ಕಿಗೆ ಸೇರಿತ್ತು. 1680ರಲ್ಲಿ ಹನ್ನೊಂದನೆಯ ಕಾರ್ಲ್ ದೊರೆ ಟ್ರೊಸ್ಸೋ ದ್ವೀಪದ ಮೇಲೆ ನೌಕಾನೆಲೆಯನ್ನು ಸ್ಥಾಪಿಸಿದಾಗ ಇಲ್ಲಿಗೆ ಬಂದು ನೆಲೆಸಿದ ಬಡಗಿಗಳು, ಹಗ್ಗ ಹೊಸೆಯುವವರು, ವರ್ತಕರು ಹೊರಗಿನವರೇ. ದೊಡ್ಡ ಚೌಕದ ದುಂಡು ಗುಮ್ಮಟದ ಚರ್ಚನ್ನು ಇಂದಿಗೂ ಜರ್ಮನ್ ಚರ್ಚ್ ಎನ್ನುತ್ತಾರೆ. 1998ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ಊರು ಮೊದಲಿನಿಂದಲೂ ವಲಸಿಗರ ಊರು. ನಾವು ಸ್ವಲ್ಪ ತಡವಾಗಿ ಬಂದೆವು, ಅಷ್ಟೆ.

ಒಂದು ವಸ್ತು ಎಲ್ಲಿ ಹುಟ್ಟಿತು ಎಂಬುದು ಅದರ ಜಾತಕದ ಮೊದಲ ಸಾಲು. ಅದು ಯಾರದು ಎಂಬುದನ್ನು ನಿರ್ಧರಿಸುವುದು ಅದನ್ನು ದಿನವೂ ನೆಟ್ಟು, ನೀರೆರೆದು, ಅಟ್ಟು, ಬಡಿಸಿದ ಕೈಗಳು. ಮೆಣಸಿನಕಾಯಿಯನ್ನು ಬ್ಯಾಡಗಿಯ ರೈತರು ತಮ್ಮದಾಗಿಸಿಕೊಂಡರು. ಆಲೂಗಡ್ಡೆಯನ್ನು ದೋಸೆಯೊಳಗೆ ಮಡಚಿಟ್ಟ ಹೋಟೆಲಿನವರು ಅದನ್ನು ತಮ್ಮದಾಗಿಸಿಕೊಂಡರು. ಕನ್ನಡಕ್ಕೂ ಇದೇ ನಿಯಮ. ಮನೆಯಲ್ಲಿ ಮಾತಾಡಿದರೆ ಅದು ನಮ್ಮ ಮಕ್ಕಳದಾಗುತ್ತದೆ, ಮಾತಾಡದಿದ್ದರೆ ಅಪ್ಪ ಅಮ್ಮನ ಊರಿನ ಭಾಷೆಯಾಗಿ ಉಳಿಯುತ್ತದೆ. ರಕ್ತದಲ್ಲಿದೆ ಎಂದು ಸುಮ್ಮನೆ ಕೂರುವಂತಿಲ್ಲ. ನಾನು ಎಷ್ಟೋ ರಕ್ತಪರೀಕ್ಷೆಗಳನ್ನು ನೋಡಿದ್ದೇನೆ, ಭಾಷೆ ಯಾವುದರಲ್ಲಿಯೂ ಕಂಡಿಲ್ಲ.

ಡಿಸೆಂಬರ್ ಅಥವಾ ಜನವರಿಯಲ್ಲಿ ಊರಿಗೆ ಹೋಗುವವರು ಈ ಒಂದು ದಿನವನ್ನು ಮಕ್ಕಳಿಗಾಗಿ ಮೀಸಲಿಡಿ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಇರುವುದಿಲ್ಲ. ಬಿಸಿಲೇರುವ ಮೊದಲೇ ಹೋಗಿ. ಕಲ್ಲಿನ ಅಂಚು ಹರಿತ, ಚಪ್ಪಲಿ ಗಟ್ಟಿಯಾಗಿರಲಿ, ಟೊಪ್ಪಿ ಮತ್ತು ನೀರು ಜೊತೆಗಿರಲಿ. ಮೀನು ತಿನ್ನುವವರು ಮಲ್ಪೆಯಲ್ಲಿ ಬಂಗುಡೆಯ ಪುಳಿಮುಂಚಿಯನ್ನು ಬಿಡಬೇಡಿ. ತಿನ್ನುವಾಗ ಮುಂಚಿ ಎಂಬ ಮಾತಿನ ಅರ್ಥವನ್ನು ಮಕ್ಕಳಿಗೆ ಹೇಳಿ, ಅದು ಯಾವ ಹಡಗಿನಲ್ಲಿ ಬಂತೆಂದು ಅವರನ್ನೇ ಕೇಳಿ.